ಒಂದು ಬೆಕ್ಕು, ಹತ್ತು ಲಕ್ಷ ಗೀಟು

ಮನೆಯ ಬೆಕ್ಕೊಂದರ ತೂಕ ಸುಮಾರು 4 ಕಿಲೋ. ಒಂದು ವೃತ್ತ, ಎರಡು ತ್ರಿಕೋನ, ಅತ್ತ ಮೂರು ಇತ್ತ ಮೂರು ಮೀಸೆ ಎಳೆದರೆ ಸಾಕು, ಅಂಗನವಾಡಿಯ ಮಗು ಕೂಡ ಅದು ಬೆಕ್ಕೆಂದು ಗುರುತಿಸುತ್ತದೆ. ಒಟ್ಟು ಒಂಬತ್ತೇ ಆಕೃತಿ! ಅದೇ ಬೆಕ್ಕನ್ನು ಇದ್ದದ್ದು ಇದ್ದ ಹಾಗೆ, ನೋಡಿದವರು ಮುಟ್ಟಲು ಕೈ ಚಾಚುವ ಹಾಗೆ ಬರೆಯಲು ಕೂತು ನೋಡಿ. ನೂರರಲ್ಲಿ ಶುರುವಾದ ಲೆಕ್ಕ ಸಾವಿರಕ್ಕೆ ನಿಲ್ಲುವುದಿಲ್ಲ, ಲಕ್ಷಕ್ಕೂ ನಿಲ್ಲುವುದಿಲ್ಲ. ಕೋಟಿಗಳನ್ನು ದಾಟಿ ಚಂದ್ರನ ದಾರಿ ಹಿಡಿಯುತ್ತದೆ.

ಮೊದಲು ಸಣ್ಣ ಸಂಖ್ಯೆಗಳನ್ನು ಮುಗಿಸೋಣ. ಆರಡಿಯ ಮನುಷ್ಯನ ಮೈಯಲ್ಲಿ 206 ಮೂಳೆ. ಮೊಣಕಾಲಿಗೂ ಬಾರದ ಬೆಕ್ಕಿನಲ್ಲಿ ಸುಮಾರು 230ರಿಂದ 250! ನಮ್ಮ ಬೆನ್ನೆಲುಬಿನಲ್ಲಿ 33 ಮಣಿ. ಬೆಕ್ಕಿನ ಬೆನ್ನಿನಲ್ಲಿ ಬಾಲವನ್ನು ಬಿಟ್ಟೇ 30, ಬಾಲಕ್ಕೆ ಪ್ರತ್ಯೇಕವಾಗಿ ಇನ್ನೂ ಸುಮಾರು 20. ಕಾಗದದ ಮೇಲೆ ನೀವು ಒಂದೇ ಉಸಿರಿನಲ್ಲಿ ಎಳೆಯುವ ಆ ಬಾಗಿದ ಬೆನ್ನಿನ ಗೆರೆಯ ಕೆಳಗೆ ಸುಮಾರು 50 ಕೀಲುಮಣಿಗಳು ಸಾಲುಗಟ್ಟಿವೆ. ಒಂದು ಮಣಿ ಒಂದಿಷ್ಟು ಹೊರಳಿದರೂ ಗೆರೆ ಬದಲಾಯಿತು. ಉಗುರು 18, ಹಲ್ಲು 30, ಮೂತಿಯ ಎರಡೂ ಬದಿ ತಲಾ 12ರಂತೆ ಉದ್ದ ಮೀಸೆ 24. ಆ ಮೀಸೆಗಳೂ ಮನಬಂದಲ್ಲಿ ಹುಟ್ಟಿದವಲ್ಲ, ಪ್ರತಿ ಬದಿಯಲ್ಲಿ ನಾಲ್ಕು ಅಚ್ಚುಕಟ್ಟಾದ ಸಾಲು. ಐದನೆಯ ಸಾಲು ಬರೆದಿರೋ, ಬೆಕ್ಕು ಬೇರೆ ಯಾವುದೋ ಪ್ರಾಣಿಯಾಗತೊಡಗಿತು.

ಮೂಳೆ ಎಣಿಸಿ ಮುಗಿಸಬಹುದು. ಮುಖ? ಲಾಸ್ ಏಂಜಲೀಸ್‌ನ ಒಂದು ಬೆಕ್ಕಿನ ಕೆಫೆಯಲ್ಲಿ 53 ಬೆಕ್ಕುಗಳು ಒಂದರೊಡನೊಂದು ಒಡನಾಡುವುದನ್ನು 194 ನಿಮಿಷ ಚಿತ್ರೀಕರಿಸಿ, ಇಬ್ಬರು ಸಂಶೋಧಕಿಯರು 2023ರಲ್ಲಿ ಪಟ್ಟಿ ಪ್ರಕಟಿಸಿದರು. ಸಿಕ್ಕಿದ ಬೇರೆ ಬೇರೆ ಮುಖಭಾವಗಳು 276! ನಮ್ಮ ಕಾವ್ಯಶಾಸ್ತ್ರದ ರಸಗಳು ಒಂಬತ್ತು. ಬೆಕ್ಕಿನ ಮುಖದಲ್ಲಿ ಅದರ ಮೂವತ್ತು ಪಟ್ಟು. ದಿನಕ್ಕೊಂದು ಮುಖಭಾವವನ್ನು ಅಭ್ಯಾಸ ಮಾಡುತ್ತೇನೆಂದು ಯುಗಾದಿಯ ದಿನ ಪೆನ್ಸಿಲ್ ಹಿಡಿದವರು ಅದನ್ನು ಕೆಳಗಿಡುವುದು ಒಂಬತ್ತು ತಿಂಗಳ ನಂತರ. ಅಷ್ಟಾದರೂ ಒಂದು ಬೆಕ್ಕಿನ ಮುಖವಷ್ಟೇ ಮುಗಿದಿರುತ್ತದೆ. ಮೈಗೆ ಇನ್ನೂ ಕೈಯಿಟ್ಟಿಲ್ಲ.

ಮುಖದಲ್ಲಿ ಕಣ್ಣಿನದೇ ಬೇರೆ ಲೋಕ. ಬಿಸಿಲಿನಲ್ಲಿ ಗೆರೆಯಷ್ಟು ಸಣ್ಣಗಾಗುವ ಬೆಕ್ಕಿನ ಕಣ್ಣಿನ ಪಾಪೆ ಕತ್ತಲಲ್ಲಿ ಅರಳಿದಾಗ ಅದರ ವಿಸ್ತೀರ್ಣ 135 ಪಟ್ಟು ಹೆಚ್ಚುತ್ತದೆ. ನಮ್ಮ ಪಾಪೆ ಎಷ್ಟೇ ಅರಳಿದರೂ ಸುಮಾರು 15 ಪಟ್ಟು. ಕಿರಿದಾದ ಪಾಪೆಯನ್ನು ಒಂದು ಎ4 ಹಾಳೆ ಎಂದುಕೊಳ್ಳಿ. ಮನುಷ್ಯನ ಪಾಪೆ ಪೂರ್ತಿ ತೆರೆದರೆ ಹಾಳೆಗಳೆಲ್ಲ ಸೇರಿ ಒಂದು ಕೇರಂ ಬೋರ್ಡಿನ ಆಸುಪಾಸು. ಬೆಕ್ಕಿನದು ತೆರೆದರೆ 9 ಅಡಿಗೆ 10 ಅಡಿಯ ಒಂದು ಕೋಣೆಯ ನೆಲ ತುಂಬುತ್ತದೆ! ಬೆಳಗ್ಗೆ ಕಿಟಕಿಯ ಬಳಿ ಬರೆದ ಕಣ್ಣನ್ನು ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಂದುವರಿಸಲು ಸಾಧ್ಯವೇ ಇಲ್ಲ. ಬೆಕ್ಕು ಅದೇ, ಕಣ್ಣು ಅದೇ, ಆದರೆ ಬರೆಯಬೇಕಾದ ಕಪ್ಪು ಮಾತ್ರ ಹತ್ತಾರು ಪಟ್ಟು ಬೆಳೆದಿರುತ್ತದೆ.

ಇಷ್ಟೂ ಹೊತ್ತು ನೂರುಗಳಲ್ಲೇ ಇದ್ದೆವು. ಈಗ ತುಪ್ಪಳಕ್ಕೆ ಕೈ ಹಾಕೋಣ. ಬೆಕ್ಕಿನ ಹೊರಗೂದಲಿನ ದಪ್ಪ ಸುಮಾರು ಅರ್ಧ ಮಿಲಿಮೀಟರಿನ ಹತ್ತನೇ ಒಂದು ಭಾಗ. ನಿಮ್ಮ 0.5 ಮಿ.ಮೀ. ಮೆಕ್ಯಾನಿಕಲ್ ಪೆನ್ಸಿಲ್ಲಿನ ಒಂದು ಗೀಟಿನ ಅಗಲದಲ್ಲಿ ಅಂಥ ಹತ್ತು ಕೂದಲು ಪಕ್ಕಪಕ್ಕದಲ್ಲಿ ಮಲಗುತ್ತವೆ. ಒಳಗಿನ ನವಿರಾದ ಕೂದಲಾದರೆ ಇಪ್ಪತ್ತೈದಕ್ಕೂ ಹೆಚ್ಚು! ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಸಂಶೋಧಕರು 2015ರಲ್ಲಿ ಇನ್ನೊಂದು ಬೆರಗಿನ ಲೆಕ್ಕ ಕೊಟ್ಟರು. ಒಂದು ಬೆಕ್ಕಿನ ಎಲ್ಲ ಕೂದಲಿನ ಮೇಲ್ಮೈಯನ್ನು ಬಿಚ್ಚಿ ಹರಡಿದರೆ ಒಂದು ಟೇಬಲ್ ಟೆನಿಸ್ ಮೇಜಿನಷ್ಟಾಗುತ್ತದೆ. ಎ4 ಹಾಳೆಗಳಲ್ಲಿ ಹೇಳುವುದಾದರೆ 67 ಹಾಳೆ. ತೊಡೆಯ ಮೇಲೆ ಮುದುಡಿ ಮಲಗುವ ಪ್ರಾಣಿ 67 ಹಾಳೆಯ ಮೇಲ್ಮೈಯನ್ನು ಹೊತ್ತು ಮಲಗಿರುತ್ತದೆ, ನೀವು ಅದನ್ನು ಒಂದೇ ಹಾಳೆಗೆ ಇಳಿಸಬೇಕು.

ಇಳಿಸುವ ಕೆಲಸದ ಗಾತ್ರ ತಿಳಿಯಲು ಕೈಬಿಗಿಹಿಡಿದೇ ಲೆಕ್ಕ ಹಾಕೋಣ: ಬೆಕ್ಕಿಗೆ ಹತ್ತು ಲಕ್ಷ ಕೂದಲು ಎಂದಷ್ಟೇ ಇಟ್ಟುಕೊಳ್ಳಿ. ಸೆಕೆಂಡಿಗೆ ಒಂದರಂತೆ ಎಳೆಯುತ್ತ ಹೋದರೆ, ಊಟವಿಲ್ಲದೆ, ನಿದ್ದೆಯಿಲ್ಲದೆ, ಪೆನ್ಸಿಲ್ ಚೂಪು ಮಾಡಲೂ ನಿಲ್ಲದೆ, 11 ದಿನ 13 ಗಂಟೆ 46 ನಿಮಿಷ! ದಿನಕ್ಕೆ ಎರಡು ಗಂಟೆ ಮಾತ್ರ ಸಿಗುವವರಿಗೆ 139 ದಿನ. ಒಂದೊಂದು ಕೂದಲು ಎರಡೂವರೆ ಸೆಂಟಿಮೀಟರ್ ಎಂದರೆ ಗೀಟಿನ ಒಟ್ಟು ಉದ್ದ 25 ಕಿಲೋಮೀಟರ್. ಮೈಸೂರಿನಲ್ಲಿ ಪೆನ್ಸಿಲ್ ಊರಿದವರು ಅದನ್ನು ಎತ್ತುವಷ್ಟರಲ್ಲಿ ನಂಜನಗೂಡಿನಲ್ಲಿ ಇರುತ್ತಾರೆ. ಒಂದೇ ಒಂದು ಬೆಕ್ಕಿಗಾಗಿ! ನುರಿತ ಕಲಾವಿದರ ಚಮತ್ಕಾರ ಇರುವುದೇ ಇಲ್ಲಿ. ಅವರು ಹತ್ತು ಲಕ್ಷವನ್ನು ಬರೆಯುವುದಿಲ್ಲ. ಕೂದಲು ಹೊರಳುವ ಕಡೆ, ನೆರಳು ಮಡಚುವ ಕಡೆ, ಮೈಯ ಅಂಚಿನಲ್ಲಿ ಕೆಲವು ನೂರು ಗೀಟು ಎಳೆದು ಬಿಡುತ್ತಾರೆ. ಐನೂರು ಎಂದಿಟ್ಟುಕೊಂಡರೆ ಎರಡು ಸಾವಿರ ಕೂದಲಿಗೆ ಒಂದೇ ಒಂದು. ಉಳಿದ 1,999ನ್ನು ನೋಡುವವರ ಕಣ್ಣು ತಾನೇ ತುಂಬಿಕೊಳ್ಳುತ್ತದೆ!

ಇದು ಬೆಕ್ಕು ಕದಲದೆ ಕೂತಾಗಿನ ಮಾತು. ಕದಲಿದರೆ? ಹಾಲು ಕುಡಿಯುವ ಬೆಕ್ಕಿನ ನಾಲಗೆಯನ್ನು ವೇಗದ ಕ್ಯಾಮೆರಾದಲ್ಲಿ ಹಿಡಿದ ನಾಲ್ವರು ವಿಜ್ಞಾನಿಗಳು 2010ರಲ್ಲಿ ಕೊಟ್ಟ ಲೆಕ್ಕ: ಸೆಕೆಂಡಿಗೆ ನಾಲ್ಕು ಸಲ, ನಾಲಗೆಯ ವೇಗ ಸೆಕೆಂಡಿಗೆ 78 ಸೆಂಟಿಮೀಟರ್. ನೀವು ಬೆಕ್ಕಿನಿಂದ ಕಣ್ಣು ತೆಗೆದು ಹಾಳೆಯತ್ತ ನೋಡಲು ಅರ್ಧ ಸೆಕೆಂಡ್ ತೆಗೆದುಕೊಂಡರೆ ಎರಡು ಗುಟುಕು ತಪ್ಪಿಹೋಯಿತು. ಓಟಕ್ಕೆ ನಿಂತರಂತೂ ಗಂಟೆಗೆ ಸುಮಾರು 48 ಕಿಲೋಮೀಟರ್. ಉಸೇನ್ ಬೋಲ್ಟ್ 2009ರಲ್ಲಿ 9.58 ಸೆಕೆಂಡಿನಲ್ಲಿ ಮುಗಿಸಿದ 100 ಮೀಟರನ್ನು, ಬೆಕ್ಕು ಆ ವೇಗವನ್ನು ಕೊನೆಯವರೆಗೆ ಹಿಡಿದಿಟ್ಟುಕೊಂಡರೆ, ಏಳೂವರೆ ಸೆಕೆಂಡಿನಲ್ಲಿ ಮುಗಿಸುತ್ತದೆ!

ಮನುಷ್ಯನ ಕಣ್ಣಿಗೆ ಈ ವೇಗ ಹಿಡಿಯದು ಎಂದು ಅರಿತ ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಡ್ಜ್ ಫಿಲಡೆಲ್ಫಿಯಾದಲ್ಲಿ ಸಾಲು ಸಾಲು ಕ್ಯಾಮೆರಾ ಹೂಡಿದರು. 1887ರಲ್ಲಿ ಹೊರಬಂದ ಅವರ ಸಂಗ್ರಹದಲ್ಲಿ 781 ಫಲಕ, ಸುಮಾರು 20,000 ಬಿಂಬ. ಮನುಷ್ಯರು, ಕುದುರೆಗಳು, ಆನೆಗಳ ನಡುವೆ ಕುಕ್ಕುಲೋಟದಿಂದ ನೆಗೆದೋಟಕ್ಕೆ ಬದಲಾಗುವ ಬೆಕ್ಕೂ ಅಲ್ಲಿದೆ. ಇಂದಿನ ಸಿನಿಮಾದ ವೇಗದಲ್ಲಿ, ಸೆಕೆಂಡಿಗೆ 24ರಂತೆ ಓಡಿಸಿದರೆ ಆ 20,000 ಬಿಂಬಗಳು 14 ನಿಮಿಷದಲ್ಲಿ ಮುಗಿದುಹೋಗುತ್ತವೆ. ವರ್ಷಗಳ ದುಡಿಮೆ, ಹದಿನಾಲ್ಕು ನಿಮಿಷದ ಆಟ! ಆದರೆ ಪ್ರಾಣಿಗಳ ನಡಿಗೆಯನ್ನು ಸರಿಯಾಗಿ ಬರೆಯಬೇಕೆಂದವರೆಲ್ಲ ಅಂದಿನಿಂದ ಇಂದಿನವರೆಗೆ ಆ ಹದಿನಾಲ್ಕು ನಿಮಿಷಕ್ಕೇ ಮರಳಿ ಮರಳಿ ಹೋಗುತ್ತಿದ್ದಾರೆ.

ಕ್ಯಾಮೆರಾ ಇಲ್ಲದ ಕಾಲದಲ್ಲಿ ಬರೆದವರ ಸಾಹಸ ಇನ್ನೂ ದೊಡ್ಡದು. ಲಿಯೊನಾರ್ಡೊ ಡಾ ವಿಂಚಿ ತನ್ನ ಕೊನೆಯ ವರ್ಷಗಳಲ್ಲಿ ಬರೆದ ಒಂದು ಹಾಳೆ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ. ಅಳತೆ 27 ಸೆಂ.ಮೀ.ಗೆ 21 ಸೆಂ.ಮೀ., ನಮ್ಮ ಎ4ಗಿಂತ ತುಸು ಚಿಕ್ಕದು. ಅದರಲ್ಲಿ ಮಲಗಿದ, ಮೈ ನೆಕ್ಕುವ, ಜಗಳವಾಡುವ, ಹೊಂಚು ಹಾಕುವ ಬೆಕ್ಕುಗಳ ಇಪ್ಪತ್ತಕ್ಕೂ ಹೆಚ್ಚು ಅಧ್ಯಯನಗಳು! ಪಾಲು ಹಾಕಿದರೆ ಒಂದೊಂದಕ್ಕೆ ಎರಡು ಬೆಂಕಿಪೊಟ್ಟಣದಷ್ಟು ಜಾಗವೂ ಸಿಗುವುದಿಲ್ಲ. ಅದರಲ್ಲೇ ಕೆಲವು ಸಿಂಹ, ಸಾಲದೆಂಬಂತೆ ಒಂದು ಡ್ರ್ಯಾಗನ್.

ಲಿಯೊನಾರ್ಡೊ ಹಾಳೆ ಅಂಗೈಯ ಮೇಲೆ ನಿಲ್ಲುತ್ತದೆ. ಆಸ್ಟ್ರಿಯಾದ ಕಾರ್ಲ್ ಕಾಹ್ಲರ್ ಬರೆದ ಬೆಕ್ಕಿನ ಚಿತ್ರ ಎತ್ತಲು ಆಳುಗಳೇ ಬೇಕು. ಸ್ಯಾನ್ ಫ್ರಾನ್ಸಿಸ್ಕೊದ ಶ್ರೀಮಂತೆ ಕೇಟ್ ಬರ್ಡ್ಸಾಲ್ ಜಾನ್ಸನ್ ತನ್ನ ಸಾಕುಬೆಕ್ಕುಗಳನ್ನು ಬರೆದುಕೊಡಲು ಕೇಳಿದಾಗ, ಅವರು ಮೂರು ವರ್ಷ ಆ ಬೆಕ್ಕುಗಳ ನಡುವೆ ಕಳೆದು ಒಂದೊಂದರ ಸ್ವಭಾವವನ್ನೂ ರೇಖೆಯಲ್ಲಿ ಅಭ್ಯಾಸ ಮಾಡಿದರು. 1891ರ ಹೊತ್ತಿಗೆ ಮುಗಿದ ತೈಲಚಿತ್ರದಲ್ಲಿ ಬೆಕ್ಕುಗಳು 42. ಒಂದು ಬೆಕ್ಕಿಗೆ ಸರಾಸರಿ 26 ದಿನ! ಚಿತ್ರದ ಅಳತೆ ಆರಡಿಗೆ ಎಂಟೂವರೆ ಅಡಿ, ತೂಕ 103 ಕಿಲೋ. ತಕ್ಕಡಿಯ ಒಂದು ತಟ್ಟೆಯಲ್ಲಿ ಈ ಚಿತ್ರವನ್ನಿಟ್ಟರೆ ಇನ್ನೊಂದರಲ್ಲಿ ಸುಮಾರು 26 ಜೀವಂತ ಬೆಕ್ಕುಗಳನ್ನು ಕೂರಿಸಬೇಕಾಗುತ್ತದೆ. 2015ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು 8,26,000 ಡಾಲರಿಗೆ ಮಾರಾಟವಾಯಿತು. ಬರೆದ ಬೆಕ್ಕೊಂದಕ್ಕೆ 19,666 ಡಾಲರ್!

ಐದು ಶತಮಾನ, ಒಂದು ಶತಮಾನ ಎನ್ನುತ್ತಿದ್ದೇವೆ. ಬೆಕ್ಕಿನ ಕುಲವನ್ನು ನೈಜವಾಗಿ ಬರೆಯುವ ಹಂಬಲದ ನಿಜವಾದ ವಯಸ್ಸು ನೋಡಿ. ಫ್ರಾನ್ಸಿನ ಶೋವೆ ಗುಹೆಯನ್ನು 1994ರ ಡಿಸೆಂಬರಿನಲ್ಲಿ ಮೂವರು ಗುಹಾನ್ವೇಷಕರು ಪತ್ತೆಹಚ್ಚಿದರು. ಗೋಡೆಗಳ ಮೇಲೆ 70ಕ್ಕೂ ಹೆಚ್ಚು ಸಿಂಹಗಳು. ಮೂತಿಯ ಮೇಲೆ ಮೀಸೆ ಹುಟ್ಟುವ ಚುಕ್ಕೆಗಳನ್ನೂ ಬಿಡದೆ ಬರೆದಿದ್ದಾರೆ! ಚಿತ್ರಗಳ ವಯಸ್ಸು 30,000 ವರ್ಷಕ್ಕೂ ಹೆಚ್ಚು. ಈಜಿಪ್ಟಿನಲ್ಲಿ ಗೀಜಾದ ಪಿರಮಿಡ್ ಏಳುವ ಹೊತ್ತಿಗೇ ಈ ಸಿಂಹಗಳಿಗೆ 25,000 ವರ್ಷ ದಾಟಿತ್ತು. ಥೀಬ್ಸ್‌ನ ನೆಬಾಮುನ್ ಎಂಬ ಅಧಿಕಾರಿಯ ಗೋರಿಯ ಗೋಡೆಯಲ್ಲಿ ಹಕ್ಕಿ ಹಿಡಿಯುವ ಬೆಕ್ಕಿನ ಕಣ್ಣಿಗೆ ಕಲಾವಿದ ಚಿನ್ನದ ಲೇಪ ಕೊಟ್ಟದ್ದು ಸುಮಾರು ಕ್ರಿ.ಪೂ. 1350ರಲ್ಲಿ; ಶೋವೆಯ ಮುಂದೆ ಅದು ಇತ್ತೀಚಿನ ಸುದ್ದಿ. ಒಂದು ತಲೆಮಾರಿಗೆ 25 ವರ್ಷ ಹಿಡಿದರೆ 1,200 ತಲೆಮಾರುಗಳ ಹಿಂದಿನ ಅಜ್ಜ ಅಜ್ಜಿಯರು, ಇಂದು ನಾವು ಎಣಿಸುವ ಅದೇ ಮೀಸೆಯ ಚುಕ್ಕೆಗಳನ್ನು ಕತ್ತಲ ಗುಹೆಯಲ್ಲಿ ಎಣಿಸಿ ಇಟ್ಟಿದ್ದಾರೆ.

ಅಂದಿನ ಕೈಗಳು ಬೆರಳೆಣಿಕೆಯವು. ಇಂದಿನ ಕೈಗಳನ್ನು ಎಣಿಸೋಣ. ಗೂಗಲ್ 2016ರಲ್ಲಿ ಬಿಟ್ಟ 'ಕ್ವಿಕ್, ಡ್ರಾ!' ಆಟದಲ್ಲಿ ಹೇಳಿದ ವಸ್ತುವನ್ನು 20 ಸೆಕೆಂಡಿನೊಳಗೆ ಬರೆಯಬೇಕು. ಒಂದೂವರೆ ಕೋಟಿಗೂ ಹೆಚ್ಚು ಜನ ಆಡಿದರು. ಹೊರಬಿಟ್ಟ ಸಂಗ್ರಹದಲ್ಲಿ 345 ಬಗೆಯ ವಸ್ತುಗಳ 5 ಕೋಟಿ ಚಿತ್ರಗಳಿವೆ. ಒಂದೊಂದಕ್ಕೂ ಪೂರ್ತಿ 20 ಸೆಕೆಂಡ್ ಹಿಡಿದಿದ್ದರೆ ಒಟ್ಟು ನೂರು ಕೋಟಿ ಸೆಕೆಂಡ್, ಅಂದರೆ 31 ವರ್ಷ 8 ತಿಂಗಳು! ಅದರಲ್ಲಿ ಬೆಕ್ಕಿನ ಪಾಲು ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೂ ಹೆಚ್ಚು. ಒಬ್ಬರೇ ಕೂತು ಬರೆದಿದ್ದರೆ ಹಗಲು ರಾತ್ರಿ ನಾಲ್ಕು ವಾರ ಬೇಕಿತ್ತು. ಬಹುತೇಕ ಎಲ್ಲದರಲ್ಲೂ ಅದೇ ವೃತ್ತ, ಅದೇ ತ್ರಿಕೋನ. ಆದರೂ ಯಾವ ಎರಡೂ ಒಂದೇ ಅಲ್ಲ.

ಬೆಕ್ಕಿನ ದೊಡ್ಡ ಬಂಧುವಿಗೆ ಬಂದರೆ ಲಕ್ಷಗಳು ಕೋಟಿಯಾಗುತ್ತವೆ. ಹುಲಿಯ ಪಟ್ಟೆ ಹುಲಿಯ ಹೆಸರು. ಒಂದರ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ. ಪಟ್ಟೆ ನೋಡಿ ಹುಲಿ ಎಣಿಸುವ ಕ್ಯಾಮೆರಾ ಬಲೆಯ ವಿಧಾನವನ್ನು ಕನ್ನಡಿಗ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಬೆಳೆಸಿದರು. ಅದೇ ಮಾದರಿ ದೇಶಕ್ಕೆಲ್ಲ ಹಬ್ಬಿ, 2018ರ ಹುಲಿ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಇಟ್ಟು ತೆಗೆದ ಚಿತ್ರಗಳು 3,48,58,623! ಸೆಕೆಂಡಿಗೊಂದರಂತೆ ನೋಡಿದರೆ ಮುಗಿಯಲು 403 ದಿನ. ಗಿನ್ನಿಸ್ ದಾಖಲೆಗೂ ಸೇರಿದ ಈ ರಾಶಿಯಲ್ಲಿ ಹುಲಿ ಕಂಡದ್ದು 76,651 ಚಿತ್ರಗಳಲ್ಲಿ ಮಾತ್ರ, 455ಕ್ಕೆ ಒಂದು. ಹುಲಿ ಬರೆಯುವವರು ನೆನಪಿಡಬೇಕಾದ್ದು ಇದು: ಒಂದು ಪಟ್ಟೆ ಆಚೀಚೆಯಾದರೆ ನೀವು ಬರೆದ ಹುಲಿ ಜಗತ್ತಿನ ಯಾವ ಕಾಡಿನಲ್ಲೂ ಇಲ್ಲ.

ಯಂತ್ರಗಳೂ ಬೆಕ್ಕು ಬರೆಯಲು ಕಲಿತವು, ಅವುಗಳ ಪಾಠಶಾಲೆಯ ಖರ್ಚು ಕೇಳಿದರೆ ಉಸಿರು ನಿಲ್ಲುತ್ತದೆ. 2012ರಲ್ಲಿ ಗೂಗಲ್ ಮತ್ತು ಸ್ಟ್ಯಾನ್‌ಫರ್ಡ್ ಸಂಶೋಧಕರು ಯೂಟ್ಯೂಬ್ ವಿಡಿಯೊಗಳಿಂದ ಒಂದು ಕೋಟಿ ಚಿತ್ರಗಳನ್ನು ಆರಿಸಿ, ಇದು ಬೆಕ್ಕು ಎಂದು ಎಲ್ಲಿಯೂ ಹೇಳದೆ, 1,000 ಕಂಪ್ಯೂಟರುಗಳ 16,000 ಪ್ರೊಸೆಸರ್ ಕೋರ್‌ಗಳಿಗೆ ಮೂರು ದಿನ ಉಣಿಸಿದರು. ಒಂದೊಂದು ಚಿತ್ರದಲ್ಲಿ 40,000 ಚುಕ್ಕೆ, ಒಟ್ಟು 40,000 ಕೋಟಿ ಚುಕ್ಕೆ! ಈ ಕೆಲಸವನ್ನು ಒಂದೇ ಕೋರ್ ಮಾಡಬೇಕಿದ್ದರೆ 131 ವರ್ಷ ಬೇಕಿತ್ತು; 1881ರಲ್ಲಿ ಶುರು ಮಾಡಿದ್ದರೆ 2012ಕ್ಕೆ ಮುಗಿಯುತ್ತಿತ್ತು. ಕೊನೆಗೆ ಯಂತ್ರದ ಒಳಗಿನಿಂದ ಮೂಡಿದ್ದೇನು? ಮಂಜಿನಾಚೆ ನಿಂತಂತೆ ಕಾಣುವ, ಬೂದುಬಣ್ಣದ, ಮಸುಕಾದ ಒಂದು ಬೆಕ್ಕಿನ ಮುಖ.

ಹತ್ತೇ ವರ್ಷದಲ್ಲಿ ಆ ಒಂದು ಕೋಟಿಯೂ ಚಿಲ್ಲರೆಯಾಯಿತು. ಚಿತ್ರ ರಚಿಸುವ ಯಂತ್ರಗಳ ತರಬೇತಿಗೆಂದು 2022ರಲ್ಲಿ ಬಿಡುಗಡೆಯಾದ ಲಯಾನ್-5ಬಿ ಎಂಬ ಪಟ್ಟಿಯಲ್ಲಿ ಬೆಕ್ಕು, ಬೆಟ್ಟ, ಬಸ್ಸು ಎಲ್ಲ ಸೇರಿ 585 ಕೋಟಿ ಚಿತ್ರಗಳಿದ್ದವು. ಸೆಕೆಂಡಿಗೊಂದರಂತೆ ನೋಡಲು 185 ವರ್ಷ! 15 ಸೆಂಟಿಮೀಟರ್ ಉದ್ದದ ಫೋಟೊಗಳಾಗಿ ಮುದ್ರಿಸಿ ಸಾಲಾಗಿ ಇಟ್ಟರೆ ಭೂಮಿಗೆ 21 ಸುತ್ತು ಹಾಕಿಯೂ ಮಿಗುತ್ತದೆ. ಚಂದ್ರನತ್ತ ಇಟ್ಟರೆ ಅಲ್ಲಿಗೆ ಹೋಗಿ, ತಿರುಗಿ ಬಂದು, ಇನ್ನೂ ಒಂದು ಲಕ್ಷ ಕಿಲೋಮೀಟರ್ ಉಳಿಯುತ್ತದೆ. ಆ ಸಂಗ್ರಹದ ಭಾಗಗಳಿಂದಲೇ ಕಲಿತ ಸ್ಟೇಬಲ್ ಡಿಫ್ಯೂಷನ್ ಎಂಬ ಯಂತ್ರಕ್ಕೆ ತಗಲಿದ್ದು ಚಿಪ್‌ಗಳ ಲೆಕ್ಕದಲ್ಲಿ 1,50,000 ಗಂಟೆ. ಒಂದೇ ಚಿಪ್ ಆಗಿದ್ದರೆ 17 ವರ್ಷ ಎಡೆಬಿಡದ ಅಭ್ಯಾಸ!

ಈಗ ಆ ಯಂತ್ರಗಳ ಎದುರು ಪೆನ್ಸಿಲ್ ಹಿಡಿದ ಮನುಷ್ಯರನ್ನು ನಿಲ್ಲಿಸಿ. ನಮ್ಮ ತಲೆಯೊಳಗೆ ಸುಮಾರು 8,600 ಕೋಟಿ ನರಕೋಶಗಳು. ಸೆಕೆಂಡಿಗೊಂದರಂತೆ ಎಣಿಸಿದರೆ 2,700 ವರ್ಷ. ಬುದ್ಧ ಹುಟ್ಟುವ ಮೊದಲೇ ಶುರು ಮಾಡಿದವರು ಈಗಷ್ಟೇ ಮುಗಿಸುತ್ತಿದ್ದರು. ಇಷ್ಟು ದೊಡ್ಡ ಕಾರ್ಖಾನೆ ನಡೆಯುವುದು ಸುಮಾರು 20 ವಾಟ್‌ನಲ್ಲಿ, ಎರಡು ಎಲ್‌ಇಡಿ ಬಲ್ಬುಗಳ ಖರ್ಚಿನಲ್ಲಿ! ಇನ್ನೊಂದು ಬೆರಗು ಕೇಳಿ. ಕಣ್ಣಿಗೆ ಬಿದ್ದ ಗೆರೆಯನ್ನು, ಅದರ ಓರೆಯನ್ನು ಮಿದುಳಿನ ಒಂದೊಂದು ಕೋಶ ಆರಿಸಿ ಹಿಡಿಯುತ್ತದೆ ಎಂದು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಕಂಡುಕೊಂಡು 1959ರಲ್ಲಿ ಪ್ರಕಟಿಸಿದರು. 1981ರಲ್ಲಿ ನೊಬೆಲ್ ಬಂತು. ಅವರಿಗೆ ಆ ಗುಟ್ಟು ಸಿಕ್ಕಿದ್ದು ಯಾರ ಮಿದುಳಿನಲ್ಲಿ? ಬೆಕ್ಕಿನದರಲ್ಲಿ! ಗೆರೆ ಎಂದರೇನೆಂದು ವಿಜ್ಞಾನಕ್ಕೆ ಮೊದಲು ಪಾಠ ಹೇಳಿಕೊಟ್ಟದ್ದೇ, ನಾವು ಗೆರೆಯಲ್ಲಿ ಹಿಡಿಯಲು ಹೆಣಗುವ ಈ ಪ್ರಾಣಿ.

ಇಷ್ಟೆಲ್ಲ ಕೋಟಿಗಳನ್ನು ಕೇಳಿ ಪೆನ್ಸಿಲ್ ಕೆಳಗಿಡಬೇಡಿ, ಏಕೆಂದರೆ ಇನ್ನೊಂದು ದೊಡ್ಡ ಸಂಖ್ಯೆ ಕಲಿಯುವವರ ಪರವಾಗಿಯೇ ಇದೆ. ಜಗತ್ತಿನಲ್ಲಿ ಮನೆಬೆಕ್ಕುಗಳು, ಬೀದಿಯವೂ ಸೇರಿ, ಅಂದಾಜು 60 ಕೋಟಿ. ಒಂದೊಂದು ದಿನಕ್ಕೆ ಕಡಿಮೆಯೆಂದರೂ 12 ಗಂಟೆ ನಿದ್ದೆ ಮಾಡುತ್ತದೆ. ಗುಣಿಸಿ: ದಿನಕ್ಕೆ 720 ಕೋಟಿ ಗಂಟೆ. ವರ್ಷಗಳಿಗೆ ಇಳಿಸಿದರೆ 8 ಲಕ್ಷದ 20 ಸಾವಿರ ವರ್ಷ! ಮನುಷ್ಯ ಜಾತಿಯ ಒಟ್ಟು ವಯಸ್ಸೇ ಸುಮಾರು 3 ಲಕ್ಷ ವರ್ಷ. ನಮ್ಮ ಇಡೀ ಇತಿಹಾಸದ ಎರಡೂವರೆ ಪಟ್ಟಿಗೂ ಹೆಚ್ಚು ಕಾಲ, ಪ್ರತಿ ದಿನ, ಬಿಡಿಗಾಸು ಕೇಳದೆ, ಬೆಕ್ಕುಗಳು ಕಲಾವಿದರ ಮುಂದೆ ಕದಲದೆ ಮಲಗುತ್ತವೆ. ಅದರಲ್ಲಿ ಹತ್ತು ನಿಮಿಷ ಇವತ್ತೇ ನಿಮ್ಮದಾಗಲಿ. ನಾಳೆ ಬೆಳಗಾದರೆ ಇನ್ನೂ 8 ಲಕ್ಷದ 20 ಸಾವಿರ ವರ್ಷ ಬರುತ್ತದೆ!